ನಿದ್ದೆಯಲ್ಲೂ ಹ್ಞೂಂ

ಎಡಗಿವಿಯ ಹತ್ತಿರ ಗಾಜಿನ ಬಳೆಗಳು ಝಲ್ಲೆನ್ನುವ ಸದ್ದು. ಅದರ ಬೆನ್ನಿಗೇ “ಹ್ಞೂಂ ಅನ್ರೀ ವೈನೀ!” ಎಂಬ ಗದರಿಕೆ. ಇಷ್ಟು ವರ್ಷಗಳಾದರೂ ಯಾವ ಕಾರಿನಲ್ಲಿ ಕೂತರೂ ನನ್ನ ಎಡಗಿವಿ ಆ ಸದ್ದಿಗಾಗಿ ಕಾಯುತ್ತದೆ. ಬಲಗಿವಿಗೆ ಇಂಥ ನೆನಪೇನೂ ಇಲ್ಲ. ಅದರ ಪಾಲಿಗೆ ಬಂದದ್ದು ಕಿಟಕಿಯ ಗಾಳಿ, ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರುಗಳ ಹಾಡು, ಅಷ್ಟೇ.

ಮೊನ್ನೆ ಬಾಡಿಗೆ ಕಾರು ಮಾಡಿಕೊಂಡು ಜಮಖಂಡಿಗೆ ಡಾಕ್ಟರ ಹತ್ತಿರ ಹೊರಟಿದ್ದೆ. ಊರು ದಾಟುವಷ್ಟರಲ್ಲಿ ಡ್ರೈವರ್ ಬಾಯಿ ಅಗಲಿಸಿ ಆಕಳಿಸಿದ. ಹಿಂದೆ ಕೂತಿದ್ದ ನಾನು ನನಗೇ ಗೊತ್ತಿಲ್ಲದೆ ಅವನ ಪರವಾಗಿ ಚಿಟಿಕೆ ಹೊಡೆದೆ. ಹೊಡೆದೆ ಎನ್ನುವುದೂ ದೊಡ್ಡ ಮಾತು; ನನ್ನ ಬೆರಳುಗಳಿಗೆ ಈಗ ಚಿಟಿಕೆಯ ಸದ್ದು ಹೊರಡಿಸುವ ತಾಕತ್ತಿಲ್ಲ. ಬರೀ ಎರಡು ಬೆರಳು ಒಂದನ್ನೊಂದು ಸವರಿಕೊಂಡವು. ಅವನು ಕನ್ನಡಿಯಲ್ಲಿ ನೋಡಿ, “ಏನ್ ಬೇಕಾಗಿತ್ರಿ ಅಮ್ಮಾರ?” ಎಂದ.

“ಏನಿಲ್ಲಪಾ. ನಿದ್ದಿ ಬಂದಿದ್ರ ಗಾಡಿ ನಿಲ್ಲಿಸಿ ಚಾ ಕುಡಿ. ಇಲ್ಲಂದ್ರ ನಾ ಒಂದು ಕತಿ ಹೇಳ್ಲೇನು?”

ಪಾಪ, ಅವನು ಗಾಬರಿಯಾಗಿ ಸೀಟಿನಲ್ಲಿ ನೆಟ್ಟಗಾದ. ಮುದುಕಿಯರು ಕತೆ ಹೇಳಲು ಶುರು ಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಹೆದರಿಕೆ ಯಾರಿಗಿರುವುದಿಲ್ಲ! ಆ ಹೆದರಿಕೆಯಲ್ಲೇ ಅವನ ನಿದ್ದೆ ಹಾರಿತು. ನಾವಿಬ್ಬರೂ ಸುರಕ್ಷಿತವಾಗಿ ಜಮಖಂಡಿ ಮುಟ್ಟಿದೆವು. ಅವನಿಗೆ ಹೇಳಬೇಕೆಂದಿದ್ದ ಕತೆ ಮಾತ್ರ ನನ್ನೊಳಗೇ ಉಳಿದುಹೋಯಿತು. ಅದನ್ನು ನಿಮಗೆ ಹೇಳುತ್ತೇನೆ. ನೀವು ಹ್ಞೂಂ ಅನ್ನಬೇಕಾದ ಅಗತ್ಯವಿಲ್ಲ. ಹ್ಞೂಂ ಎಂಬ ಶಬ್ದದ ಮೇಲೆ ನನಗೆ ನಂಬಿಕೆ ಹೋಗಿ ಬಹಳ ಕಾಲವಾಯಿತು.

ನಾನು ಮದುವೆಯಾಗಿ ಬಂದದ್ದು ಬನಹಟ್ಟಿಯ ನೇಕಾರರ ಮನೆಗೆ. ಬೆಳೆದದ್ದು ಬೆಳಗಾವಿಯಲ್ಲಿ, ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅಲ್ಲಿ ದೀಪ ಆರಿದ ಮೇಲೆ ಒಂದು ಪಿನ್ನು ಬಿದ್ದರೂ ಸಿಸ್ಟರ್ ಬಂದು ನಿಲ್ಲುತ್ತಿದ್ದರು. ಇಲ್ಲಿಗೆ ಬಂದರೆ ಗೋಡೆಯಾಚೆ ವಿದ್ಯುತ್ ಮಗ್ಗಗಳ ಖಟಕ್ ಖಟಕ್ ಹಗಲೂ ರಾತ್ರಿ. ಮೊದಲ ತಿಂಗಳೆಲ್ಲ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಈ ಓಣಿಯ ಜನರದ್ದು ತಿರುಗಾಮುರುಗಾ ಲೆಕ್ಕ: ಸದ್ದಿದ್ದರೆ ನಿದ್ದೆ, ಸದ್ದು ನಿಂತರೆ ಎಚ್ಚರ. ಕರೆಂಟ್ ಹೋಗಿ ಮಗ್ಗಗಳು ಗಪ್ಪಾದ ಕೂಡಲೇ ತೊಟ್ಟಿಲ ಕೂಸುಗಳೆಲ್ಲ ಒಟ್ಟಿಗೇ ಅಳುತ್ತವೆ. ಬರಬರುತ್ತ ನಾನೂ ಕಲಿತೆ. ಗಂಡನ ಮನೆಯಲ್ಲಿ ರೊಟ್ಟಿ ಬಡಿಯುವುದರಲ್ಲಿ ಹೇಗೋ ಪಾಸಾದೆ. ಸದ್ದಿನಲ್ಲಿ ನಿದ್ದೆ ಮಾಡುವುದರಲ್ಲಿ ಮಾತ್ರ ಡಿಸ್ಟಿಂಕ್ಷನ್. ಆಮೇಲಾಮೇಲೆ ಒಂದೇ ಸಮನೆ ಗುಂಯ್ ಅನ್ನುವಂಥದ್ದು ಯಾವುದಾದರೂ ಸರಿ, ಗಿರಣಿ, ಮಿಕ್ಸರ್, ಭಾಷಣ, ನನ್ನ ಕಣ್ಣುಗಳು ತಾವಾಗಿಯೇ ಮುಚ್ಚತೊಡಗಿದವು. ಮಾರುತಿ ಕಾರಿನ ಇಂಜಿನ್ನೂ ಒಂದೇ ಸಮನೆ ಗುಂಯ್ ಅನ್ನುತ್ತದೆ ಎಂಬುದು ಆಗ ಯಾರ ತಲೆಗೂ ಬರಲಿಲ್ಲ.

ಕಾರು ಮನೆಗೆ ಬಂದದ್ದು ಬಾಗಲಕೋಟೆ ಹೊಸ ಜಿಲ್ಲೆಯಾದ ಕಾಲದಲ್ಲಿ. ನನ್ನ ಯಜಮಾನರು ಯಾರದೋ ಹಳೆಯ ಮಾರುತಿ ತಂದು ಅಂಗಳದಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದು ಅವರಲ್ಲ, ತಂದವನು. ಇವರಿಗೆ ಸೈಕಲ್ ಹತ್ತಿದರೂ ಅಂಗೈ ಬೆವರುತ್ತಿತ್ತು. ನನಗೆ ಮಾತ್ರ ತವರಿನಲ್ಲಿ ಅಪ್ಪನ ಜೀಪು ಓಡಿಸಿ ಗೊತ್ತಿತ್ತು. ಹೀಗಾಗಿ ರಬಕವಿ-ಬನಹಟ್ಟಿಯ ಬೀದಿಗಳಲ್ಲಿ ಸೆರಗು ಸಿಕ್ಕಿಸಿ, ಕನ್ನಡಕ ಏರಿಸಿ ಕಾರು ಬಿಡುವ ಒಬ್ಬಳೇ ಹೆಂಗಸು ನಾನಾದೆ. ಜನ ನನಗೆ ‘ಕಾರಬಾಯಿ’ ಎಂದು ಹೆಸರಿಟ್ಟರು. ಎದುರಿಗೆ ಸಿಟ್ಟು ತೋರಿಸುತ್ತಿದ್ದೆ, ಒಳಗೆ ಅದೆಷ್ಟು ಹಿಗ್ಗು! ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ನಡೆಯುವ ಒಂದು ಠೀವಿಯನ್ನೂ ರೂಢಿ ಮಾಡಿಕೊಂಡಿದ್ದೆ. ನೆನೆಸಿಕೊಂಡರೆ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಎಡಗಿವಿಯ ಬಳೆಗಳು ಶಾಂತಾಳವು. ಶಾಂತಾ ಎಂದರೆ ನನ್ನ ನಾದಿನಿ, ಯಜಮಾನರ ತಂಗಿ; ಅತ್ತಿಗೆಯಾದ ನಾನು ಅವಳಿಗೆ ವೈನಿ. ಅವಳ ಗಂಡ ಸೋಲಾಪುರದ ಗಿರಣಿಗೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ತವರಿಗೆ ಬಂದವಳು ಮೂಲೆಯಲ್ಲಿ ಕೂತು ಕಂಡಕಿ ಸುತ್ತುತ್ತಿದ್ದಳು. ಕಂಡಕಿ ಎಂದರೆ ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಕೊಳವೆ. ಬೆಳಗಿನಿಂದ ಸಂಜೆಯವರೆಗೆ ಚರಕದ ಮುಂದೆ ಕೂತು ಅದನ್ನೇ ಸುತ್ತುತ್ತಿದ್ದರೆ ನಾಲಿಗೆಗೆ ಕೆಲಸವೇ ಇಲ್ಲ. ಶಾಂತಾಳ ನಾಲಿಗೆಯಂಥ ನಾಲಿಗೆಗೆ ಅದು ಜೈಲುವಾಸ. ಕಾರು ಬಂದ ದಿನವೇ ಅದರ ಸುತ್ತ ಒಂದು ಸುತ್ತು ಹಾಕಿ, “ವೈನಿ, ಇದರಾಗ ಸೀರಿ ಗಂಟು ಎಷ್ಟ ಹಿಡಿತಾವ್ರಿ?” ಎಂದು ಕೇಳಿದಳು.

ಅಲ್ಲಿಂದ ಶುರುವಾಯಿತು ನಮ್ಮ ಸವಾರಿ. ನಮ್ಮ ಮಗ್ಗದ ಸೀರೆಗಳನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಜಮಖಂಡಿ, ಮುಧೋಳ, ಬೀಳಗಿ ಎಂದು ಮನೆಮನೆಗೆ ಹೋಗುವುದು. ನಾನು ಓಡಿಸುವುದು, ಅವಳು ಮಾರುವುದು. ಬೀಳಗಿಯ ಕಡೆ ಆಗ ಅಣೆಕಟ್ಟಿನ ಹಿನ್ನೀರು ವರ್ಷವರ್ಷವೂ ಏರಿದ ಹಾಗೆ ಊರಿಗೆ ಊರೇ ಎದ್ದು ಹೊಸ ಜಾಗಗಳಿಗೆ ಬರುತ್ತಿದ್ದವು. ಹೊಸ ಮನೆಗಳು, ಪರಿಹಾರದ ಹಣ, ಮುಂದೂಡಿದ್ದ ಮದುವೆಗಳೆಲ್ಲ ಒಂದೇ ಬೇಸಿಗೆಯಲ್ಲಿ. ಶಾಂತಾ ಪಡಸಾಲೆಯಲ್ಲಿ ಗಂಟು ಬಿಚ್ಚಿದರೆ ಅಡುಗೆಮನೆಯಲ್ಲಿ ಸಾರು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ. “ಈ ದಡಿ ನೋಡ್ರಿ ಅಕ್ಕಾರ, ನಿಮ್ಮ ಸೊಸಿ ಉಟ್ಲಂದ್ರ ಬೀಗ್ತಿ ಹೊಟ್ಟಿ ಉರಕೊಂಡು ಸಾಯಬೇಕು” ಎನ್ನುವಳು. ನಾನು ಪಕ್ಕದಲ್ಲಿ ಲೇಡಿಯಂತೆ ಕೂತು ಚಹಾ ಕುಡಿಯುತ್ತಿದ್ದೆ. ಮೂಲೆಯ ಚರಕದಿಂದ ಎದ್ದು ಬಂದ ಆ ಹೆಣ್ಣುಮಗಳಿಗೆ ಕಾರೊಂದು ಹೊಸ ಜನ್ಮ. ಅದು ನನಗೂ ಗೊತ್ತಿತ್ತು, ಅವಳಿಗೂ. ನಾನು ಓಡಿಸಲಾರೆ ಎಂದರೆ ಅವಳು ಮತ್ತೆ ಚರಕದ ಮುಂದೆ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಅಷ್ಟರಲ್ಲಾಗಲೇ ನನಗೆ ಕಾಯಿಲೆ ಶುರುವಾಗಿತ್ತು.

ಬೆಳಗ್ಗೆ ಎದ್ದರೆ ಬೆರಳುಗಳು ಗಂಜಿ ಹಾಕಿ ಒಣಗಿಸಿದ ನೂಲಿನಂತೆ ಸೆಟೆದಿರುತ್ತಿದ್ದವು. ಮಿರಜಿಗೆ ಹೋಗಿ ತೋರಿಸಿದಾಗ ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ಓಣಿಯವರಿಗೆ ನಾನು ಸಂದುನೋವು ಎಂದು ತರ್ಜುಮೆ ಮಾಡಿದೆ. ನೋವನ್ನು ಜನ ಒಪ್ಪುತ್ತಾರೆ. ಎಣ್ಣೆ ಹೇಳುತ್ತಾರೆ, ಲೇಪ ಹೇಳುತ್ತಾರೆ, ಲೊಚಗುಟ್ಟುತ್ತಾರೆ. ಆದರೆ ಈ ಕಾಯಿಲೆಗೆ ಇನ್ನೊಂದು ಮುಖವಿದೆ: ದಣಿವು. ರಾತ್ರಿಯೆಲ್ಲ ಗೆಣ್ಣುಗಳ ನೋವಿಗೆ ಎಚ್ಚರ, ಹಗಲೆಲ್ಲ ಮೈಮೇಲೆ ಒದ್ದೆ ಜಮಖಾನ ಹೊದಿಸಿದಂಥ ಒಂದು ಭಾರ. ಊಟವಾದ ಮೇಲಂತೂ ಯಾರೋ ಹಿಂದಿನಿಂದ ಬಂದು ಕಣ್ಣು ಮುಚ್ಚಿದ ಹಾಗೆ. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಅದರ ಹೆಸರು ಕಾಯಿಲೆಯಲ್ಲ, ಮೈಗಳ್ಳತನ. ಡಾಕ್ಟರು ಮಾತ್ರ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದರು: ಈ ಫಟೀಗ್ ಕಾಯಿಲೆಯದ್ದೇ ಭಾಗ ಮೇಡಮ್, ತೂಕಡಿಕೆ ಬಂದಾಗ ದಯವಿಟ್ಟು ಡ್ರೈವ್ ಮಾಡಬೇಡಿ. ನಾನು ಒಳ್ಳೆಯ ಆಕ್ಸೆಂಟಿನಲ್ಲಿ “ಥ್ಯಾಂಕ್ಯೂ ಡಾಕ್ಟರ್, ಐ ವಿಲ್ ಬಿ ಕೇರ್‌ಫುಲ್” ಎಂದು ಹೇಳಿ, ಕೆಳಗಿಳಿದು ಬಂದು ಕಾರಿನ ಕೀಲಿ ತಿರುಗಿಸಿದೆ.

ತೂಕಡಿಕೆಯ ಜೊತೆ ನಾನು ಆಡಿದ ಆಟಗಳನ್ನು ಕೇಳಿದರೆ ನಗುತ್ತೀರಿ. ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡೆ. ಕಾರಬಾಯಿಗೆ ಗಂಟಲು ಬೇನೆ ಎಂದು ಸುದ್ದಿಯಾಯಿತು. ಹಸಿಮೆಣಸಿನಕಾಯಿ ಕಚ್ಚಿದೆ, ಆಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡು ಮುಧೋಳದ ಸಂತೆಯ ನಡುವೆ ಗಾಡಿ ನಿಲ್ಲಿಸಿ ಅತ್ತೆ. ಕಿಟಕಿ ಪೂರ್ತಿ ಇಳಿಸಿ ಸಕ್ಕರೆ ಕಾರ್ಖಾನೆಯ ಮಳ್ಳಿಯ, ಅಂದರೆ ಕಬ್ಬಿನ ರಸ ಸೋಸಿ ಉಳಿದ ಕೊಳೆಯ ನಾತ ಮೂಗಿಗೆ ಬಡಿಯಲು ಬಿಟ್ಟೆ. ನಾಲ್ಕು ದಿನದಲ್ಲಿ ಅದಕ್ಕೂ ಒಗ್ಗಿಕೊಂಡು ಅದರಲ್ಲೇ ಜೋಂಪು ಹತ್ತಿತು. ಬೋರ್ಡಿಂಗಿನಲ್ಲಿ ಕಲಿತ ಪ್ರಾರ್ಥನೆಯ ಹಾಡುಗಳನ್ನು ದೊಡ್ಡ ದನಿಯಲ್ಲಿ ಹಾಡಿದೆ. ಶಾಂತಾ ಕಿವಿ ಮುಚ್ಚಿಕೊಂಡು, “ಬ್ಯಾಡ್ರಿ ವೈನಿ, ಯಾರೋ ಸತ್ತಾರಂತ ಜನ ಬೆನ್ನ ಹತ್ತಿ ಬರ್ತಾರ” ಎಂದಳು.

ನಿಜವಾದ ಮದ್ದು ಒಂದೇ: ಗಾಡಿ ಪಕ್ಕಕ್ಕೆ ನಿಲ್ಲಿಸಿ ತುಸು ಮಲಗುವುದು. ಅದನ್ನೂ ಮಾಡಿ ನೋಡಿದ್ದೆ, ಒಂದೇ ಸಲ. ಶಾಂತಾ ಆವತ್ತು ಜೊತೆಯಲ್ಲಿರಲಿಲ್ಲ. ಜಮಖಂಡಿ ರಸ್ತೆಯ ಬೇವಿನ ಮರದಡಿ ನಿಲ್ಲಿಸಿ ಸೀಟಿಗೆ ತಲೆಯಾನಿಸಿದೆ. ಕಣ್ಣು ಬಿಟ್ಟರೆ ಕಾರಿನ ನಾಲ್ಕೂ ಕಡೆ ಕುರಿಗಳು. ಕಿಟಕಿಗೆ ಹಣೆ ಹಚ್ಚಿ ನಿಂತ ಒಬ್ಬ ಮುದುಕ, ಹೆಗಲಲ್ಲಿ ಕಂಬಳಿ, ಹಣೆಯ ಮೇಲೆ ಬೀರೇಶ್ವರನ ಭಂಡಾರ. ಗಾಜು ಬಡಿಯುತ್ತ, “ಯವ್ವಾ! ಏ ಯವ್ವಾ! ಜೀವ ಐತಿಲ್ಲೋ?” ಎಂದು ಕೂಗುತ್ತಿದ್ದ. ನಾನು ಕಣ್ಣು ಬಿಟ್ಟದ್ದನ್ನು ಕಂಡು ಹಿಂದಕ್ಕೆ ತಿರುಗಿ, “ಐತೋ, ಐತಿ! ಕಣ್ಣ ಬಿಟ್ಲು!” ಎಂದು ಸಾರಿದ. ಹಿಂದೆ ಆಗಲೇ ಒಂದು ಸಣ್ಣ ಜಾತ್ರೆ ಕೂಡಿತ್ತು. ಯಾರೋ ಹೆಂಗಸು ನೀರು ತಂದಳು. ಇನ್ನ್ಯಾರೋ ಮೂಗು ಹತ್ತಿರ ತಂದು ಮೂಸಿದರು. ಮೂಸಿದ್ದು ಯಾಕೆಂದು ಆಗ ತಿಳಿಯಲಿಲ್ಲ. ವಾರದ ಮೇಲೆ ಗೊತ್ತಾಯಿತು. ಕಾನ್ವೆಂಟ್ ಕಲಿತ ಕಾರಬಾಯಿ ಬಾಟ್ಲಿ ಹಾಕಿ ಹಾದಿಯಲ್ಲಿ ಬಿದ್ದಿದ್ದಳಂತೆ! ಆ ಮುದುಕ ಮಾತ್ರ ಸಿಕ್ಕಸಿಕ್ಕಲ್ಲಿ “ಹಂಗೇನಿಲ್ಲೋ, ದಣಿದಿದ್ಲು ಪಾಪ” ಎನ್ನುತ್ತಿದ್ದನಂತೆ. ಅವನೊಬ್ಬನಿಗೇ ಸರಿಯಾಗಿ ಗೊತ್ತಾಗಿತ್ತು. ಆದರೆ ನನಗೆ ಅವನ ಮಾತಿನಿಂದ ಸಮಾಧಾನವಾಗಲಿಲ್ಲ. ದಣಿದವಳು ಎನಿಸಿಕೊಳ್ಳುವುದಕ್ಕಿಂತ ಕುಡಿದವಳು ಎನಿಸಿಕೊಳ್ಳುವುದರಲ್ಲೇ ಒಂದು ಸ್ಟೈಲ್ ಇದೆಯಲ್ಲ ಎಂದು ಕೂಡ ಒಂದು ಗಳಿಗೆ ಅನ್ನಿಸಿತು. ಆ ಮೇಲೆ ನಾನು ಎಂದೂ ಹಾದಿಯಲ್ಲಿ ಗಾಡಿ ನಿಲ್ಲಿಸಲಿಲ್ಲ.

ಆಕಳಿಕೆಯ ಬಗ್ಗೆಯೂ ಇಲ್ಲಿ ಒಂದು ಮಾತು. ಶಾಂತಾ ಆಕಳಿಸಿದರೆ ಅದು ಓಣಿಗೆಲ್ಲ ಕೇಳುವ ಆಕಳಿಕೆ, ಕೊನೆಯಲ್ಲಿ ಬಾಯಿಯ ಮುಂದೆ ಟಪ್ ಟಪ್ ಎಂದು ಎರಡು ಚಿಟಿಕೆ. ಅವಳಿಗೆ ನಿದ್ದೆ ಬಂದದ್ದು ಊರಿಗೇ ಗೊತ್ತಾಗುತ್ತಿತ್ತು. ನನಗೆ ಸಿಸ್ಟರ್ ಕಲಿಸಿದ್ದು ಬೇರೆ. ಯಂಗ್ ಲೇಡೀಸ್ ಆಕಳಿಸುವುದಿಲ್ಲ. ಬಂದರೆ ತುಟಿ ಬಿಗಿಹಿಡಿದು, ಮೂಗಿನಲ್ಲಿ ಉಸಿರನ್ನು ಇಷ್ಟಿಷ್ಟೇ ಬಿಟ್ಟು, ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ ನುಂಗಬೇಕು. ಈ ವಿದ್ಯೆಯಲ್ಲಿ ನಾನು ಎಂಥ ಪಳಗಿದವಳೆಂದರೆ, ಪಕ್ಕದಲ್ಲೇ ಕೂತವಳಿಗೆ ನಾನು ಸಾಲುಸಾಲಾಗಿ ಆಕಳಿಕೆ ನುಂಗುತ್ತಿರುವುದು ಕಾಣುತ್ತಲೇ ಇರಲಿಲ್ಲ.

ಆದರೂ ಶಾಂತಾಳಿಗೆ ಏನೋ ವಾಸನೆ ಹತ್ತಿತ್ತು. ಒಂದು ಮಧ್ಯಾಹ್ನ ಮುಧೋಳದ ಕಡೆ ಹೊರಟು ಚಿಮ್ಮಡ ದಾಟಿದ್ದೆವು. ಕಾರು ಸ್ವಲ್ಪ ರಸ್ತೆಯ ಅಂಚಿಗೆ ಸರಿಯಿತು.

“ವೈನಿ, ಕಣ್ಣ ಜಗ್ಗಾಕತ್ತಾವೇನ್ರಿ?”

“ಇಲ್ಲವಾ. ಬಿಸಿಲಿಗೆ ಕಣ್ಣು ಕಿರಿದು ಮಾಡಿದೆ.”

“ಹಂಗಾರ ಒಂದ ಕತಿ ಹೇಳ್ತೀನಿ. ಹ್ಞೂಂ ಅನ್ಕೋತ ಬರ್ರಿ. ಹ್ಞೂಂ ನಿಂತ್ರ ನೀವು ಮಕ್ಕೊಂಡೀರಿ ಅಂತ ತಿಳಕೊಂಡು ಚಿವುಟ್ತೀನಿ ನೋಡ್ರಿ ಮತ್ತ.”

ನಮ್ಮ ಕಡೆಯ ಮನೆಗಳಲ್ಲಿ ಕತೆ ಹೇಳುವ ಪದ್ಧತಿಯೇ ಅದು. ಹೇಳುವವರು ಒಂದು ಮಾತು ಹೇಳಿದರೆ ಕೇಳುವವರು ಹ್ಞೂಂ ಅನ್ನಬೇಕು. ಹ್ಞೂಂ ನಿಂತಿತೆಂದರೆ ಕೂಸು ಮಲಗಿತೆಂದು ತಿಳಿದು ಅಜ್ಜಿ ಎದ್ದು ಹೋಗುತ್ತಾಳೆ. ನನ್ನ ಅತ್ತೆ ಆ ಮನೆಯ ಮಕ್ಕಳನ್ನೆಲ್ಲ ಮಲಗಿಸಿದ್ದು ಹೀಗೆಯೇ. ಮಲಗಿಸುವ ಆ ಉಪಾಯವನ್ನು ಶಾಂತಾ ನನ್ನನ್ನು ಎಚ್ಚರವಿಡಲು ತಿರುಗಿಸಿಕೊಂಡಳು.

ಕತೆಯನ್ನು ಅವಳೇ ಕಟ್ಟುತ್ತಿದ್ದಳು. ಒಬ್ಬ ರಾಣಿಗೆ ಯಾರೂ ಹೆಸರಿಡದ ಬಣ್ಣದ ಸೀರೆ ಬೇಕು. ನೀಲವ್ವ ಎಂಬ ನೇಕಾರರ ಹುಡುಗಿ ಆ ಬಣ್ಣ ಹುಡುಕಿಕೊಂಡು ಹೊರಟಿದ್ದಾಳೆ. ಅವಳು ಹೋದ ಊರುಗಳಲ್ಲೆಲ್ಲ ನಮ್ಮ ಗಿರಾಕಿಗಳೇ ಇರುತ್ತಿದ್ದರು. ಸೀರೆ ನೂರು ಸಲ ಬಿಚ್ಚಿಸಿ ಒಂದೂ ತೆಗೆದುಕೊಳ್ಳದ ಜಮಖಂಡಿಯ ಒಬ್ಬರು ರಾಕ್ಷಸಿಯಾಗಿ ಬಂದರು. ನಾನು ನಕ್ಕು ನಕ್ಕು ಸ್ಟೇರಿಂಗ್ ಅಲುಗಿತು. ಒಂದೆರಡು ತಿಂಗಳು ಕತೆ ನನ್ನನ್ನು ನಿಜಕ್ಕೂ ಎಚ್ಚರವಿಟ್ಟಿತು. ಹ್ಞೂಂ ತಡವಾದರೆ ಎಡಗಿವಿಯ ಹತ್ತಿರ ಬಳೆ ಝಲ್ಲೆನ್ನುತ್ತಿತ್ತು.

ಆದರೆ ಶಾಂತಾಳಿಗೆ ತಿಳಿಯದ ಒಂದು ಸಂಗತಿಯಿತ್ತು. ಬೋರ್ಡಿಂಗಿನಲ್ಲಿ ಸಂಜೆಯ ಪ್ರಾರ್ಥನೆ ಇರುತ್ತಿತ್ತು. ಸಿಸ್ಟರ್ ಒಬ್ಬೊಬ್ಬ ಸಂತರ ಹೆಸರು ಹೇಳಿದ ಹಾಗೆ ನಾವು ಹುಡುಗಿಯರು ಮಂಡಿಯೂರಿ “ಪ್ರೇ ಫಾರ್ ಅಸ್” ಎನ್ನಬೇಕು. ಸಂತರಿಗೆ ಕೊನೆಯೇ ಇಲ್ಲ. ಆಟವಾಡಿ ದಣಿದ ಮೈ. ನಾನು ಮಂಡಿಯೂರಿದಲ್ಲೇ, ಬೆನ್ನು ನೆಟ್ಟಗಿಟ್ಟುಕೊಂಡು, ಸರಿಯಾದ ಜಾಗದಲ್ಲಿ “ಪ್ರೇ ಫಾರ್ ಅಸ್” ಎನ್ನುತ್ತ ನಿದ್ದೆ ಮಾಡುವುದನ್ನು ಕಲಿತಿದ್ದೆ. ಒಂದು ವರ್ಷ ನನಗೆ ಭಕ್ತಿಗಾಗಿ ಬಹುಮಾನವನ್ನೂ ಕೊಟ್ಟರು. ಆ ವಿದ್ಯೆ ಮರೆತೇ ಹೋಗಿದೆ ಎಂದುಕೊಂಡಿದ್ದೆ. ಅದು ಮರೆತುಹೋಗಿರಲಿಲ್ಲ, ಸುಮ್ಮನೆ ಕಾಯುತ್ತಿತ್ತು.

ಒಂದು ದಿನ ಬೀಳಗಿಯಾಚೆಯ ಒಂದು ಹೊಸ ಊರಿನಲ್ಲಿ ಮದುವೆಯ ಸೀರೆಗಳನ್ನು ಕೊಟ್ಟೆವು. ಅವರು ಊಟ ಮಾಡಿಸದೆ ಬಿಡಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆನೆಮೊಸರು. ನಾನು ಗುಳಿಗೆಯನ್ನೂ ನುಂಗಿದೆ. ಹೊರಟಾಗ ಮಧ್ಯಾಹ್ನದ ಬಿಸಿಲು. ಆ ದಾರಿಯಲ್ಲಿ ಒಂದು ಕವಲಿದೆ. ಹೊಸ ರಸ್ತೆ ಎಡಕ್ಕೆ ತಿರುಗುತ್ತದೆ. ಹಳೆಯ ರಸ್ತೆ ನೆಟ್ಟಗೆ ಇಳಿದು, ಮುಳುಗಿದ ಊರಿನ ಕಡೆ ಹೋಗಿ, ಹಾಗೆಯೇ ನೀರಿನೊಳಗೆ ಹೋಗಿಬಿಡುತ್ತದೆ. ನೀರು ಬರುವ ಮೊದಲು ಆ ರಸ್ತೆಯಲ್ಲಿ ಬೇಕಾದಷ್ಟು ಸಲ ಓಡಾಡಿದ ಕೈಗಳು ನನ್ನವು. ನಿದ್ದೆಗಣ್ಣಿನ ಕೈಗಳಿಗೆ ಅಣೆಕಟ್ಟು ಕಟ್ಟಿದ್ದು ಹೇಗೆ ಗೊತ್ತಾಗಬೇಕು?

ಮುಂದಿನದನ್ನು ಶಾಂತಾ ಹೇಳಿದ ಹಾಗೆ ಹೇಳುತ್ತೇನೆ. ನಾನು ಅಲ್ಲಿದ್ದೂ ಇರಲಿಲ್ಲ.

“ನೀಲವ್ವ ಬೆಟ್ಟ ಇಳದ್ಲು” ಎಂದಳಂತೆ.

“ಹ್ಞೂಂ.”

“ವೈನಿ, ಎಡಕ್ಕ ಹೊಳ್ಳಬೇಕಿತ್ತಲ್ರಿ. ಹಳೀ ಹಾದಿ ಹಿಡದೀರಿ.”

“ಹ್ಞೂಂ.”

“ಅಲ್ರೀ, ಮುಂದ ನೀರು ಐತಿ!”

“ಹ್ಞೂಂ.”

ಆಗ ಅವಳು ನನ್ನ ಮುಖ ನೋಡಿದಳಂತೆ. ಬೆನ್ನು ನೆಟ್ಟಗೆ, ತುಟಿ ಬಿಗಿ, ಮುಖದ ಮೇಲೆ ಒಂದು ಗೆರೆಯೂ ಇಲ್ಲ. ಕಣ್ಣು ಅರ್ಧ ತೆರೆದೇ ಇತ್ತಂತೆ. ಕೇಳಿದಳಂತೆ:

“ವೈನಿ... ಮಕ್ಕೊಂಡೀರೇನ್ರಿ?”

“ಹ್ಞೂಂ.”

ಅಷ್ಟು ಪ್ರಾಮಾಣಿಕ ಉತ್ತರವನ್ನು ನಾನು ಎಚ್ಚರವಿದ್ದಾಗ ಯಾರಿಗೂ ಕೊಟ್ಟಿರಲಿಲ್ಲ.

ನನ್ನ ಬೆರಳುಗಳಿಗೆ ಹ್ಯಾಂಡ್‌ಬ್ರೇಕ್ ಎಳೆಯುವ ಶಕ್ತಿ ಹೋಗಿ ವರ್ಷವಾಗಿತ್ತು. ಗಾಡಿ ನಿಂತಲ್ಲೆಲ್ಲ ಅದನ್ನು ಎಳೆಯುವುದು ಶಾಂತಾಳ ಕೆಲಸ. ಅದೊಂದೇ ಅವಳಿಗೆ ಗೊತ್ತಿದ್ದ ಡ್ರೈವಿಂಗ್. ಎರಡೂ ಕೈಯಿಂದ ಅದನ್ನೇ ಹಿಡಿದು ಜಗ್ಗಿದಳು. ನಾನು ಎಚ್ಚರಾದದ್ದು ಸದ್ದಿಗಲ್ಲ, ಇಂಜಿನ್ ನಿಂತ ಮೌನಕ್ಕೆ. ಎದುರಿಗೆ ಗಾಜಿನ ತುಂಬ ನೀರು, ದೂರದಲ್ಲಿ ಮುಳುಗಿದ ಗುಡಿಯ ತುದಿ. ಮುಂದಿನ ಎರಡೂ ಗಾಲಿಗಳು ನೀರಿನಲ್ಲಿದ್ದವು. ಶಾಂತಾಳ ಬಳೆಗಳೆಲ್ಲ ಒಡೆದು ಮುಂಗೈಯಿಂದ ರಕ್ತ ಸೀರೆಗೆ ಇಳಿಯುತ್ತಿತ್ತು.

ದಂಡೆಯ ಮೇಲೆ ಎತ್ತು ತೊಳೆಯುತ್ತಿದ್ದವನೊಬ್ಬ ಓಡಿ ಬಂದ. “ಏನ್ರಿ ಬಾಯಾರ, ಗಾಡಿ ನೀರಿಗಿ ಯಾಕ ಇಳಿಸಿದ್ರಿ?”

ಶಾಂತಾ ಸೆರಗಿನಲ್ಲಿ ಕೈ ಸುತ್ತಿಕೊಂಡು, “ನೀ ಎತ್ತ ತೊಳ್ಯಾಕತ್ತೀದಿ, ನಾವು ಗಾಡಿ ತೊಳ್ಯಾಕ ಬಂದೀವಿ. ನಿನಗೊಬ್ಬನಿಗೇ ಬರದುಕೊಟ್ಟಾರೇನೋ ಹೊಳಿ?” ಎಂದಳು. ಅವನು ನಗುತ್ತ ಎತ್ತು ಕಟ್ಟಿ ಕಾರನ್ನು ಹಿಂದಕ್ಕೆಳೆದುಕೊಟ್ಟ. ಅವನು ಹೋದ ಮೇಲೆ ಅವಳು ಮುಂಗೈಗೆ ಚುಚ್ಚಿದ್ದ ಬಳೆಚೂರುಗಳನ್ನು ಒಂದೊಂದೇ ಕೀಳತೊಡಗಿದಳು. ಅದರ ನಡುವೆಯೇ ಒಂದು ಮಾತು ಕೇಳಿದಳು:

“ನಿದ್ದಿ ಬರಾಕತ್ತೈತಿ ಅಂತ ಒಂದ ಮಾತ ಹೇಳಾಕ ಏನಾಗಿತ್ರಿ ನಿಮಗ?”

ಏನಾಗಿತ್ತು? ನಾಚಿಕೆಯಾಗಿತ್ತು. ಸಾಯುವುದಕ್ಕಿಂತ ಹೆಚ್ಚಾಗಿ, ಸಾಯಿಸುವುದಕ್ಕಿಂತಲೂ ಹೆಚ್ಚಾಗಿ ಆಕಳಿಸಲು ನಾಚಿಕೆಯಾಗಿತ್ತು. ಇದನ್ನು ಬಾಯಿಬಿಟ್ಟು ಹೇಳಿದರೆ ಎಷ್ಟು ಸಿಲ್ಲಿ ಅನ್ನಿಸುತ್ತದೆ ನೋಡಿ.

ಮನೆಗೆ ಬಂದು ಯಜಮಾನರಿಗೆ ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. “ಇಬ್ರೂ ಬಂದೀರಿ, ಸಾಕು” ಎಂದು ಕೀಲಿಕೈ ತೆಗೆದು ಜಗಲಿಯ ಮೊಳೆಗೆ ತೂಗುಹಾಕಿದರು. ಬಂಧುಗಳೆಲ್ಲ ನನ್ನ ವಿವೇಕವನ್ನು ಹೊಗಳಿದರು. ನನಗೆ ಹಗಲು ಮಲಗಲು ಪರವಾನಗಿ ಸಿಕ್ಕಿತು. ಶಾಂತಾ ಗಂಟು ಹೊತ್ತು ಬಸ್ಸಿಗೆ ಹೋಗಿ ನೋಡಿದಳು. ಕಂಡಕ್ಟರರ ಜೊತೆ ಜಗಳವಾಡಿ, ನೂಕುನುಗ್ಗಲಿಗೆ ಸೀರೆಗಳ ಮಡಿಕೆ ಕೆಟ್ಟು, ಎರಡೇ ವಾರದಲ್ಲಿ ಕೈಬಿಟ್ಟಳು. ಆಮೇಲೆ ನಾನು ಮಧ್ಯಾಹ್ನ ಮಂಚದ ಮೇಲೆ ಒರಗಿದಾಗ ಪಕ್ಕದ ಕೋಣೆಯಿಂದ ಚರಕದ ಸದ್ದು ಬರತೊಡಗಿತು. ಅವಳು ಮತ್ತೆ ಕಂಡಕಿ ಸುತ್ತುತ್ತಿದ್ದಳು. ಆ ಸದ್ದಿಗೆ ಮಾತ್ರ ನನಗೆ ನಿದ್ದೆ ಬರುತ್ತಿರಲಿಲ್ಲ.

ಒಂದು ದಿನ ಚರಕ ನಿಂತಿತು. ಎದ್ದು ನೋಡಿದರೆ ಶಾಂತಾ ಮೊಳೆಯಿಂದ ಕೀಲಿಕೈ ತೆಗೆಯುತ್ತಿದ್ದಾಳೆ.

“ವೈನಿ, ನನಗ ಕಲಸ್ರಿ.”

ಯಜಮಾನರು ನಕ್ಕರು. “ಈ ವಯಸ್ಸಿನ್ಯಾಗ? ಸೈಕಲ್ ಗೊತ್ತಿಲ್ಲ ನಿನಗ!”

“ಸೈಕಲ್ ನಿನಗ ಗೊತ್ತೈತಿ, ಏನ್ ಕಡದೀ ಯಣ್ಣಾ?” ಎಂದಳು.

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ತಿರುಗಿದೆನಲ್ಲ, ಇವಳೂ ಓಡಿಸಬಹುದು ಎಂದು ನನಗೆ ಒಮ್ಮೆಯಾದರೂ ಹೊಳೆದಿತ್ತೇ? ನನ್ನ ಲೆಕ್ಕದಲ್ಲಿ ಜೀಪು ಓಡಿಸಿದ ಅಪ್ಪನ ಮಗಳು ಡ್ರೈವರು, ಕನ್ನಡ ಸಾಲಿ ಅರ್ಧಕ್ಕೆ ಬಿಟ್ಟವಳು ಬರೀ ಮಾತಾಡುವ ಬಾಯಿ. ಗಾಡಿ ಕಲಿಸಲು ಹೊರಟ ದಿನ ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಅವಳು ಹಿಪ್ಪರಗಿಯ ಕಡೆಯ ಖಾಲಿ ಬಯಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಬಿಡಲು ಕಲಿತಳು. ಲೈಸೆನ್ಸೂ ಬಂತು. ಗೇರು ಬದಲಿಸುವಾಗ ಹೊಸ ಬಳೆಗಳು ಝಲ್ಲೆನ್ನುತ್ತಿದ್ದವು.

ಮುಧೋಳಕ್ಕೆ ಮೊದಲ ಸಲ ಮಾಲು ತುಂಬಿಕೊಂಡು ಹೊರಟಾಗ ನಾನು ಎಡಗಡೆಯ ಸೀಟಿನಲ್ಲಿ ಕೂತೆ. ಚಿಮ್ಮಡ ದಾಟಿದ ಮೇಲೆ ಶಾಂತಾ ಖುಷಿಯಿಂದ, “ಈಗ ಪಾಳಿ ನಿಮ್ದ್ರಿ. ನೀಲವ್ವನ ಕತಿ ನೀವು ಹೇಳ್ರಿ, ನಾ ಹ್ಞೂಂ ಅಂತೀನಿ” ಎಂದಳು.

ನಾನು ನೆನಪು ಕೆದಕಿದೆ. “ಹರಿಗೋಲಿನಲ್ಲಿ ಕೂತಿದ್ದಳಲ್ಲ? ಹೊಳೆ ದಾಟಬೇಕಾಗಿತ್ತು. ಅಂಬಿಗ ಅವಳ ಹೆಸರು ಕೇಳಿದ...”

ಹ್ಞೂಂ ಬರಲಿಲ್ಲ.

“ಹರಗೋಲು?” ಎಂದಳು ಶಾಂತಾ. “ಹೊಳಿ ದಾಟಿ, ಅಂಬಿಗನ್ನ ಮದಿವಿ ಆಗಿ, ಎರಡು ಹಡದು, ಅಂವ ಬಿಟ್ಟುಹ್ವಾದ ಮ್ಯಾಲ ಬೆಟ್ಟ ಹತ್ತಿ ಇಳದಾಳಲ್ರಿ ನೀಲವ್ವ.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

“ಹರಗೋಲಿಂದು ಹೇಳಿದ್ದು ಹ್ವಾದ ಮಳಿಗಾಲದಾಗೂ ಅಲ್ರಿ ವೈನಿ. ಅದರ ಹಿಂದಿನ ಮಳಿಗಾಲದಾಗ.”

ಅವಳು ಗಾಡಿಯನ್ನು ನಿಧಾನವಾಗಿ ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಳು. ನೀರಿಗೆ ಇಳಿದದ್ದು ಒಂದು ದಿನದ ಮಾತೆಂದು ಅವಳು ಅಲ್ಲಿಯವರೆಗೆ ನಂಬಿದ್ದಳು. ಈಗ ಅವಳು ಮನಸ್ಸಿನಲ್ಲೇ ಆ ಹಾದಿಗಳನ್ನೆಲ್ಲ ಒಂದೊಂದಾಗಿ ಮತ್ತೆ ನೋಡುತ್ತಿರುವುದು ನನಗೆ ಕಾಣುತ್ತಿತ್ತು. ಜಮಖಂಡಿಯ ಇಳಿಜಾರು, ಕಬ್ಬಿನ ಗಾಡಿಗಳ ಸಾಲು, ಸೇತುವೆಗಳು. ಪೂರ್ತಿ ನಿದ್ದೆಯಲ್ಲ ಶಾಂತಾ, ಅರ್ಧಂಬರ್ಧ, ಮಂಪರು, ಕೇಳಿದ್ದು ತಲೆಗೆ ಹೋಗುತ್ತಿರಲಿಲ್ಲ, ಮತ್ತೆ ಹೇಳು ಎನ್ನಲು ನಾಚಿಕೆಯಾಗುತ್ತಿತ್ತು... ಇದೆಲ್ಲ ನಾಲಿಗೆಯ ತುದಿಗೆ ಬಂತು. ಅವಳು ಸಿಟ್ಟು ಮಾಡಿದ್ದರೆ ಹೇಳುತ್ತಿದ್ದೆನೇನೋ. ಅವಳು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಎದುರಿನ ರಸ್ತೆ ನೋಡುತ್ತ,

“ಹಂಗಾರ ನಾ ಇಷ್ಟ ದಿನ ಕತಿ ಯಾರಿಗಿ ಹೇಳಾಕತ್ತಿದ್ನಿರಿ?” ಎಂದಳು.



ಆ ನಂತರ ಅವಳು ಒಬ್ಬಳೇ ಹೋಗತೊಡಗಿದಳು. ಜಗಳವೇನೂ ಇಲ್ಲ. “ನೀವು ಆರಾಮ ಮಾಡ್ರಿ ವೈನಿ” ಎನ್ನುವಳು, ಅಷ್ಟೇ. ವ್ಯಾಪಾರ ಬೆಳೆಯಿತು. ಬೀಳಗಿಯಲ್ಲೇ ಒಂದು ಸಣ್ಣ ಅಂಗಡಿ ಹಿಡಿದು ಅಲ್ಲೇ ಮನೆಯನ್ನೂ ಮಾಡಿಕೊಂಡಳು. ಕಾರನ್ನು ನಾವು ಅವಳಿಗೇ ಬಿಟ್ಟೆವು. ಈಗ ಅವಳಿಲ್ಲ. ಅಂಗಡಿಯಲ್ಲಿ ಸೀರೆ ಮಡಿಸುತ್ತ ಎದೆನೋವೆಂದು ಕೂತವಳು ಏಳಲಿಲ್ಲ. ಅದಕ್ಕೆ ಕೆಲವು ವಾರ ಮೊದಲು ನಾನು ಅವಳನ್ನು ಕೊನೆಯ ಸಲ ನೋಡಿದ್ದು.

ನನ್ನ ಮೊಣಕಾಲು ಬಾತುಕೊಂಡು ನಡೆಯಲಾಗದೆ ಇದ್ದಾಗ ಸುದ್ದಿ ತಿಳಿದು ಕಾರು ತಂದಳು. ಜಮಖಂಡಿಗೆ ಕರೆದೊಯ್ದು, ಡಾಕ್ಟರಿಗೆ ತೋರಿಸಿ, ಔಷಧಿ ಕೊಡಿಸಿದಳು. ವಾಪಸು ಹೊರಡುವಾಗ ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ. ಅವಳು ಹಿಂದಿನ ಬಾಗಿಲು ತೆರೆದಳು.

“ಹಿಂದ ಕಾಲ ಚಾಚಿ ಮಕ್ಕೋರಿ. ನಿದ್ದಿ ಬಂದ್ರ ಬರ್ಲಿ. ಈಗ ನೀವು ಮಕ್ಕೊಂಡ್ರ ಯಾರಿಗೂ ಏನೂ ಆಗೂದಿಲ್ಲ.” ನಕ್ಕಳು. ಆಮೇಲೆ, “ಇವತ್ತ ನೀಲವ್ವನ ಕತಿ ಮುಗಸ್ತೀನ್ರಿ. ಬಾಳ ದಿನ ಆತು, ನಡುವ ನಿಂತೈತಿ” ಎಂದಳು.

ಹರಿಗೋಲಿನಿಂದಲೇ ಮತ್ತೆ ಶುರು ಮಾಡಿದಳು. ನಾನು ಕೇಳಿದೆ, ಮೈಯೆಲ್ಲ ಕಿವಿಯಾಗಿ ಕೇಳಿದೆ. ಅಂಬಿಗ ಬಂದ, ಮದುವೆಯಾಯಿತು, ಅವನು ಬಿಟ್ಟುಹೋದ. ಅಂಬಿಗ ಸೋಲಾಪುರದ ದಿಕ್ಕಿಗೇ ಹೋದದ್ದು ಈಗ ನನಗೆ ಹೊಳೆಯಿತು. ನೀಲವ್ವ ಬೆಟ್ಟ ಇಳಿದಳು, ಬಣ್ಣ ಸಿಕ್ಕಿತು, ಸೀರೆ ನೇಯ್ದಳು. ಸೀರೆಯನ್ನು ಮಡಿಸಿ, ಸೆರಗಿನಡಿ ಮುಚ್ಚಿಟ್ಟುಕೊಂಡು ರಾಣಿಯ ಅರಮನೆಯ ಮೆಟ್ಟಿಲು ಹತ್ತತೊಡಗಿದಳು. “ಹ್ಞೂಂ” ಎಂದೆ. ಇಂಜಿನ್ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

ಕಣ್ಣು ಬಿಟ್ಟದ್ದು ಮೌನಕ್ಕೆ. ಕಾರು ನಮ್ಮ ಮನೆಯ ಮುಂದೆ ನಿಂತಿತ್ತು. ನನ್ನ ಮೇಲೆ ಅಂಗಡಿಯ ಹೊಸ ಸೀರೆಯೊಂದನ್ನು ಮಡಿಕೆ ಬಿಚ್ಚಿ ಹೊದಿಸಿದ್ದಳು. ಶಾಂತಾ ನನ್ನನ್ನು ಎಬ್ಬಿಸಿರಲಿಲ್ಲ. ಸ್ಟೇರಿಂಗಿನ ಮುಂದೆ ಸುಮ್ಮನೆ ಕೂತಿದ್ದಳು, ಎಷ್ಟು ಹೊತ್ತಿನಿಂದಲೋ. ಕೈಹಿಡಿದು ಇಳಿಸಿ ಕಟ್ಟೆಯ ಮೇಲೆ ಕೂರಿಸಿದಳು. ಮತ್ತೆ ಕಾರು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಹೆಂಗಿತ್ರಿ ಕಡೀಕ? ಆ ಬಣ್ಣ ಸೇರ್ತೇನ್ರಿ ನಿಮಗ?”

ಯಾವ ಬಣ್ಣ ಎಂದು ಕೇಳಬಹುದಾಗಿತ್ತು. ಶಾಂತಾ, ಮತ್ತೆ ನಿದ್ದೆ ಬಂತು, ಇನ್ನೊಮ್ಮೆ ಹೇಳು ಎನ್ನಬಹುದಾಗಿತ್ತು. ಅವಳು ಕಾದಳು. ನನ್ನ ಮುಖ ಬಿಸಿಯಾಯಿತು.

“ಹ್ಞೂಂ” ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿಕೊಂಡು, ಹ್ಯಾಂಡ್‌ಬ್ರೇಕ್ ಇಳಿಸಿ, ಬೀಳಗಿಯ ಕಡೆ ಹೊರಟಳು.